ಕೊನೊಡಾಂಟ್‌ನಲ್ಲಿ ಯಾವ ಅಂಗಾಂಶವನ್ನು ನಂಬಬೇಕು?

ಪ್ರಾಚೀನ ಸಾಗರಗಳ ರಸಾಯನವನ್ನೂ ತಾಪಮಾನವನ್ನೂ ಕೊನೊಡಾಂಟ್‌ಗಳಲ್ಲಿ ಓದುತ್ತೇವೆ. ಆದರೆ ಅರ್ಧ ಮಿಲಿಮೀಟರ್ ಉದ್ದದ ಒಂದೇ ಕೊನೊಡಾಂಟ್‌ನ ಮೂರು ಜಾಗಗಳಿಗೆ ಲೇಸರ್ ಬಿಟ್ಟರೆ ಮೂರು ಬೇರೆ ಬೇರೆ ಸಾಗರಗಳನ್ನು ಅಳೆದಂಥ ಅಂಕಿಗಳು ಬರಬಹುದು. ಇಲ್ಲಿ ತಪ್ಪು ಉಪಕರಣದ್ದಲ್ಲ. ಕೇಂಬ್ರಿಯನ್‌ನಿಂದ ಟ್ರಯಾಸಿಕ್ ಯುಗದ ಕೊನೆಯವರೆಗೆ ಸಿಗುವ ಈ ಹಲ್ಲಿನಂಥ ಪಳೆಯುಳಿಕೆಗಳು ಅಪಟೈಟ್‌ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜದಿಂದಲೇ ಆಗಿದ್ದರೂ ಅವುಗಳಲ್ಲಿ ಮೂರು ಬಗೆಯ ಅಂಗಾಂಶಗಳಿವೆ. ಮೇಲಿನ ಕಿರೀಟದಲ್ಲಿ ಪಾರದರ್ಶಕ ಪದರಗಳ ಅಂಗಾಂಶವೂ ಹಾಲಿನ ಬಣ್ಣದ ಬಿಳಿ ಅಂಗಾಂಶವೂ ಇರುತ್ತವೆ, ಕೆಳಗೆ ಬುಡಭಾಗ. ಈ ಮೂರೂ ಹೊರಗಿನ ನೀರನ್ನು ಒಂದೇ ರೀತಿ ತಡೆಯುವುದಿಲ್ಲ. ಆದ್ದರಿಂದ ಯಾವ ಅಂಗಾಂಶದ ಮೇಲೆ ಗುರಿ ಇಡಬೇಕೆಂಬುದನ್ನು ಯಂತ್ರದ ಮುಂದೆ ಕೂರುವ ಮೊದಲೇ ನಿರ್ಧರಿಸುತ್ತೇವೆ.

ಕೆಲಸ ಕೆಡುವುದು ಆಮ್ಲದ ಬಕೆಟ್‌ನಲ್ಲೇ ಶುರುವಾಗುತ್ತದೆ. ಸುಣ್ಣಕಲ್ಲನ್ನು 2ರಿಂದ 4 ಸೆಂಟಿಮೀಟರ್ ಚೂರುಗಳಾಗಿ ಒಡೆದು ಅಸಿಟಿಕ್ ಆಮ್ಲದಲ್ಲಿ ಇಡಬೇಕು. ಬರೀ ಆಮ್ಲ ಮತ್ತು ನೀರು ಹಾಕಿದರೆ ಅಪಟೈಟ್ ಕೂಡ ಕರಗತೊಡಗುತ್ತದೆ. 7 ಪಾಲು ಗಾಢ ಅಸಿಟಿಕ್ ಆಮ್ಲ, 63 ಪಾಲು ನೀರು, ಹಿಂದಿನ ಸುತ್ತಿನಲ್ಲಿ ಬಳಸಿ ಸೋಸಿಟ್ಟ ದ್ರಾವಣ 30 ಪಾಲು: ಈ ಮಿಶ್ರಣದಲ್ಲಿ ಕ್ಯಾಲ್ಸಿಯಂ ಅಸಿಟೇಟ್ ಇರುವುದರಿಂದ ಪಿಎಚ್ ಬೀಳದೆ ನಿಲ್ಲುತ್ತದೆ. 3.6ಕ್ಕಿಂತ ಕೆಳಗೆ ಹೋಗಲು ಬಿಡಬಾರದು. ರಸಾಯನ ವಿಶ್ಲೇಷಣೆಗೆ ಹೋಗುವ ಮಾದರಿಯಾದರೆ ಆ 30 ಪಾಲು ಅದೇ ಕಲ್ಲಿನಿಂದ ಬಂದದ್ದಾಗಿರಬೇಕು. ಬೇರೆ ಕಲ್ಲಿನ ದ್ರಾವಣದಲ್ಲಿ ನಾವು ಅಳೆಯುವ ಧಾತುಗಳಲ್ಲೊಂದಾದ ಸ್ಟ್ರಾಂಷಿಯಂ, ಅದೂ ಬೇರೆ ಕಾಲದ್ದು, ಕರಗಿರುತ್ತದೆ.

ಉಳಿದ ಮಡ್ಡಿಯನ್ನು 1 ಮಿಲಿಮೀಟರ್ ಮತ್ತು 75 ಮೈಕ್ರೊಮೀಟರ್ ಜರಡಿಗಳ ನಡುವೆ ತೊಳೆದು, ಕಡಿಮೆ ಬಿಸಿಯಲ್ಲಿ ಒಣಗಿಸಿ, ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರವಾದ ದ್ರಾವಣಕ್ಕೆ ಹಾಕುತ್ತೇವೆ. ಸಾಂದ್ರತೆ 2.75ರಿಂದ 2.80 ಇದ್ದರೆ ಸುಣ್ಣಕಲ್ಲಿನ ಖನಿಜ ಕ್ಯಾಲ್ಸೈಟ್ ತೇಲುತ್ತದೆ, ಕೊನೊಡಾಂಟ್ ಮುಳುಗುತ್ತದೆ. ಮೆಗ್ನೀಸಿಯಂ ಇರುವ ಕಾರ್ಬೊನೇಟ್ ಖನಿಜ ಡಾಲಮೈಟ್ ಸಹ ಮುಳುಗುತ್ತದೆ. ಡಾಲಮೈಟ್ ಇರುವ ಕಲ್ಲನ್ನು ಕರಗಿಸಲು, ಪಿಎಚ್ ಬೀಳದಂತೆ ಬಫರ್ ಮಾಡಿದ ಫಾರ್ಮಿಕ್ ಆಮ್ಲದ ದಾರಿಯನ್ನು ಆರಂಭದಲ್ಲೇ ಹಿಡಿಯಬೇಕಾಗುತ್ತದೆ. ಮಡ್ಡಿಯಲ್ಲಿ ಕ್ಯಾಲ್ಸಿಯಂ ಉಳಿದಿದ್ದರೆ ದ್ರಾವಣ ಬೆಳ್ಳಗೆ ಒಡೆದು ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಆಗಿ ಕೂರುತ್ತದೆ. ಹಾಗಾಗಿ ಕೊನೆಯ ತೊಳೆತ ಬಟ್ಟಿ ಇಳಿಸಿದ ನೀರಿನಲ್ಲೇ ಆಗಬೇಕು.

ಇನ್ನು ಸೂಕ್ಷ್ಮದರ್ಶಕ. ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ ಎಂಬುದು ನಮ್ಮ ಅನುಭವ. ಬಿಳಿ ಅಂಗಾಂಶದೊಳಗೆ ಅತಿ ಸಣ್ಣ ಪೊಳ್ಳುಗಳಿದ್ದು ಅವು ಬೆಳಕನ್ನು ಚದುರಿಸುತ್ತವೆ. ಆದ್ದರಿಂದ ಮೇಲಿನಿಂದ ಬೆಳಕು ಬಿಟ್ಟಾಗ ಅದು ಬಿಳಿಯಾಗಿ, ಕೆಳಗಿನಿಂದ ಬಿಟ್ಟಾಗ ಕಪ್ಪಾಗಿ ಕಾಣುತ್ತದೆ. ಆದರೆ ಆಮ್ಲ ತಿಂದ ಮೇಲ್ಮೈಯೂ ಮಂಜಾಗಿ ಬಿಳುಪಾಗಿಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಹನಿ ನೀರು ಸಾಕು: ಮೇಲ್ಮೈಯ ಮಂಜು ಮಾಯವಾಗುತ್ತದೆ, ಒಳಗಿನ ಬಿಳುಪು ಹಾಗೇ ಉಳಿಯುತ್ತದೆ. ಪಳೆಯುಳಿಕೆ ಎಷ್ಟು ಬಿಸಿ ಕಂಡಿದೆ ಎಂಬುದನ್ನು ಹೇಳುವ ಬಣ್ಣ ಬದಲಾವಣೆಯ ಸೂಚ್ಯಂಕವನ್ನು ಪಾರದರ್ಶಕ ಭಾಗದಲ್ಲೇ ಓದಬೇಕು. ಬಿಸಿ ತಾಗಿದಾಗ ಬಿಳಿ ಅಂಗಾಂಶದ ಬಣ್ಣ ತಡವಾಗಿ ಬದಲಾಗುವುದರಿಂದ, ಅದನ್ನು ನೋಡಿ ಓದಿದರೆ ಮಾದರಿ ಇರುವುದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. 1977ರಲ್ಲಿ ಪ್ರಕಟವಾದ ಈ ಅಳತೆಗೋಲಿನಲ್ಲಿ 1 ಎಂದರೆ ತಿಳಿ ಹಳದಿ, 5 ಎಂದರೆ ಕಪ್ಪು, ಅಂದರೆ 300 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ. ಸ್ಟ್ರಾಂಷಿಯಂ ಮತ್ತು ಅಲ್ಪಪ್ರಮಾಣದ ಧಾತುಗಳಿಗೆ ನಾವು 1.5 ದಾಟಿದ ಮಾದರಿಯನ್ನು ಮುಟ್ಟುವುದಿಲ್ಲ. ಫಾಸ್ಫೇಟ್‌ನಲ್ಲಿರುವ ಆಮ್ಲಜನಕದ ಬಂಧ ಗಟ್ಟಿ, ಅದು ಇನ್ನೂ ಮೇಲಿನವರೆಗೆ ತಾಳುತ್ತದೆ.

ಎಪಾಕ್ಸಿಯಲ್ಲಿ ಕೂರಿಸಿ 3, 1, 0.25 ಮೈಕ್ರೊಮೀಟರ್ ವಜ್ರದ ಪೇಸ್ಟ್‌ನಿಂದ ನಯಗೊಳಿಸುತ್ತೇವೆ. ಪದರಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದರೆ 0.5% ಆರ್ಥೊಫಾಸ್ಫೊರಿಕ್ ಆಮ್ಲದಲ್ಲಿ 8ರಿಂದ 10 ನಿಮಿಷ ಇಟ್ಟು ತೆಗೆಯಬೇಕು, ಆದರೆ ಅದೇ ಪ್ರಭೇದದ ಇನ್ನೊಂದು ತುಣುಕಿನಲ್ಲಿ. ಅಳೆಯಬೇಕಾದ ತುಣುಕಿಗೆ ಹೊರಗಿನ ಫಾಸ್ಫೇಟ್ ತಾಗಲೇಬಾರದು.

ಹಾಗೆ ನೋಡಿದಾಗ ಮೂರು ಅಂಗಾಂಶಗಳೂ ನೀರನ್ನು ಒಂದೇ ರೀತಿ ಏಕೆ ತಡೆಯುವುದಿಲ್ಲ ಎಂಬುದು ತಿಳಿಯುತ್ತದೆ. ಬಿಳಿ ಅಂಗಾಂಶದ ಹರಳುಗಳು ದೊಡ್ಡವು, ಪೊಳ್ಳುಗಳು ಒಂದಕ್ಕೊಂದು ಕೂಡಿಕೊಂಡಿಲ್ಲ, ನೀರಿಗೆ ದಾರಿಯಿಲ್ಲ. ಪಾರದರ್ಶಕ ಅಂಗಾಂಶದ ಪದರಗಳ ನಡುವಿನ ಸಂದುಗಳಲ್ಲಿ ನೀರು ನಿಧಾನವಾಗಿ ಒಳಬರುತ್ತದೆ. ಬುಡಭಾಗದ ಹರಳುಗಳು ಅತಿ ಸಣ್ಣವು, ಜೈವಿಕ ವಸ್ತು ಕೊಳೆತು ಹೋದ ಜಾಗಗಳೂ ಅಲ್ಲಿವೆ. ಅದು ಸ್ಪಂಜಿನಂತೆ ಸುತ್ತಲಿನ ಕೆಸರಿನ ನೀರನ್ನು ಹೀರಿಕೊಂಡಿರುತ್ತದೆ.

ಲೇಸರ್‌ನಲ್ಲಿ ಸುಮಾರು 30 ಮೈಕ್ರೊಮೀಟರ್ ಚುಕ್ಕೆ, ಒಳಮಾನಕವಾಗಿ (ಇತರ ಧಾತುಗಳನ್ನು ಹೋಲಿಸಿ ಲೆಕ್ಕ ಹಾಕಲು ಅದೇ ಮಾದರಿಯಲ್ಲಿರುವ ಧಾತು) ಕ್ಯಾಲ್ಸಿಯಂ-43, ಹೋಲಿಕೆಗೆ ಧಾತುಗಳ ಪ್ರಮಾಣ ಗೊತ್ತಿರುವ ಎನ್‌ಐಎಸ್‌ಟಿ 612 ಗಾಜು. ಇಡೀ ಚುಕ್ಕೆಯ ಸರಾಸರಿ ತೆಗೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಲೇಸರ್ ಆಳಕ್ಕೆ ಇಳಿದಂತೆ ಮ್ಯಾಂಗನೀಸ್, ಕಬ್ಬಿಣ, ಥೋರಿಯಂ, ಯುರೇನಿಯಂ ಮತ್ತು ವಿರಳ ಭೂಧಾತುಗಳ (ಲ್ಯಾಂಥನಮ್, ಸೀರಿಯಂನಂಥವು) ಗೆರೆಗಳು ಹೇಗೆ ಸಾಗುತ್ತವೆ ಎಂದು ನೋಡಬೇಕು. ಒಳ್ಳೆಯ ಬಿಳಿ ಅಂಗಾಂಶದಲ್ಲಿ ಮೇಲ್ಮೈಯಲ್ಲಿ ಎತ್ತರವಿದ್ದ ಗೆರೆ ಥಟ್ಟನೆ ಬಿದ್ದು ಸಮವಾಗುತ್ತದೆ. ಆ ಸಮ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಬಿದ್ದ ಗೆರೆ ಮತ್ತೆ ಏರಿದರೆ ಲೇಸರ್ ಬೇರೊಂದು ಅಂಗಾಂಶಕ್ಕೋ ಬಿರುಕಿಗೋ ಹೊಕ್ಕಿದೆ ಎಂದರ್ಥ.

ವಿರಳ ಭೂಧಾತುಗಳ ವಿಷಯದಲ್ಲಿ ನಮ್ಮ ನಿಲುವು ಕಟ್ಟುನಿಟ್ಟು. ಜೀವಂತ ಪ್ರಾಣಿಯ ಅಪಟೈಟ್‌ನಲ್ಲಿ ಅವು ಹೆಚ್ಚುಕಡಿಮೆ ಇರುವುದೇ ಇಲ್ಲ. ಪಳೆಯುಳಿಕೆಯಲ್ಲಿ ನೂರಾರು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು ಎಂಬ ಲೆಕ್ಕ) ಕಂಡರೆ ಅದು ಸತ್ತ ಮೇಲೆ ಸೇರಿಕೊಂಡದ್ದು. ಮಧ್ಯದ ಧಾತುಗಳು ಉಬ್ಬಿ ಗಂಟೆಯಾಕಾರದ ವಕ್ರರೇಖೆ ಬಂದರಂತೂ ಅದು ಕೆಸರಿನೊಳಗಿನ ನೀರಿನ ಗುರುತೆಂದೇ ಹಿಡಿಯುತ್ತೇವೆ. ಇಂಥ ಅಂಕಿಗಳ ಸೀರಿಯಂ ಕೊರತೆಯನ್ನು ಹಿಡಿದು ಪ್ರಾಚೀನ ಸಾಗರದಲ್ಲಿ ಆಮ್ಲಜನಕ ಎಷ್ಟಿತ್ತೆಂದು ಹೇಳಲು ನಾನು ಸಿದ್ಧನಿಲ್ಲ.

ತಾಪಮಾನ ತಿಳಿಯಲು ಅಳೆಯುವ ಆಮ್ಲಜನಕದ ಸಮಸ್ಥಾನಿಗಳಿಗೆ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಎರಡು ದಾರಿಗಳಿವೆ. ಸಿಲ್ವರ್ ಫಾಸ್ಫೇಟ್ ವಿಧಾನಕ್ಕೆ 0.5ರಿಂದ 1 ಮಿಲಿಗ್ರಾಂ ಬೇಕು, ಅಂದರೆ ಅನೇಕ ತುಣುಕುಗಳನ್ನು ಒಟ್ಟಿಗೆ ಕರಗಿಸಬೇಕು. ಬುಡಭಾಗವನ್ನು ಸೂಜಿಯಿಂದ ಮೊದಲೇ ಮುರಿದು ತೆಗೆಯದಿದ್ದರೆ ಅದೂ ಮಿಶ್ರಣಕ್ಕೆ ಸೇರುತ್ತದೆ. ಅಯಾನುಗಳ ಕಿರಣದಿಂದ ಸಣ್ಣ ಚುಕ್ಕೆಯನ್ನಷ್ಟೇ ಅಳೆಯುವ ಅಯಾನ್ ಪ್ರೋಬ್‌ನಲ್ಲಿ ಅಂಗಾಂಶವನ್ನು ಆರಿಸಬಹುದು, ಆದರೆ ಅದು ಫಾಸ್ಫೇಟ್‌ನ ಜೊತೆಗೆ ಕಾರ್ಬೊನೇಟ್ ಮತ್ತು ಹೈಡ್ರಾಕ್ಸಿಲ್‌ನ ಆಮ್ಲಜನಕವನ್ನೂ ಅಳೆಯುತ್ತದೆ. ಮಾನಕವಾಗಿ ಬಳಸುವ ಡುರಾಂಗೊ ಅಪಟೈಟ್‌ನ ಎಲ್ಲ ಹರಳುಗಳೂ ಒಂದೇ ಬೆಲೆ ತೋರಿಸುವುದಿಲ್ಲ. ಕೈಯಲ್ಲಿರುವ ಹರಳನ್ನೇ ಸಿಲ್ವರ್ ಫಾಸ್ಫೇಟ್ ವಿಧಾನದಲ್ಲಿ, ಎನ್‌ಬಿಎಸ್ 120ಸಿ ಎಂಬ ಫಾಸ್ಫೇಟ್ ಕಲ್ಲಿನ ಮಾನಕಕ್ಕೆ 21.7‰ ಇಟ್ಟುಕೊಂಡು, ಅಳೆದಿರಬೇಕು. ಇಲ್ಲಿ ನಾವು ಮೊದಲು ಆರಿಸುವುದು ಪಾರದರ್ಶಕ ಕಿರೀಟದ ಒಳಭಾಗವನ್ನು. ಬಿಳಿ ಅಂಗಾಂಶದ ಪೊಳ್ಳುಗಳು ನಯಗೊಳಿಸುವಾಗ ತೆರೆದುಕೊಂಡು ಮೇಲ್ಮೈ ಏರುಪೇರಾಗುತ್ತದೆ, ಪ್ರೋಬ್‌ಗೆ ಅದು ಆಗಿಬರುವುದಿಲ್ಲ.

ಅಂಗಾಂಶದ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ಒಂದು ಲೆಕ್ಕ: ತಾಪಮಾನ = 117.4 − 4.5 × (ಅಪಟೈಟ್‌ನ ಬೆಲೆ − ನೀರಿನ ಬೆಲೆ). ಇಲ್ಲಿ ಬೆಲೆ ಎಂದರೆ ಆಮ್ಲಜನಕದ ಸಮಸ್ಥಾನಿ ಅನುಪಾತ, ‰ ಅಂದರೆ ಸಾವಿರದ ಪಾಲಿನಲ್ಲಿ. ಹಿಮವಿಲ್ಲದ ಕಾಲದ ಸಾಗರಕ್ಕೆ −1‰ ಎಂದಿಟ್ಟುಕೊಂಡರೆ 19.0‰ ತೋರಿಸುವ ಕಿರೀಟ 27.4 ಡಿಗ್ರಿ ಕೊಡುತ್ತದೆ. ಚುಕ್ಕೆ ಬುಡಭಾಗಕ್ಕೆ ಜಾರಿ 17.6‰ ಬಂತೆನ್ನಿ, 33.7 ಡಿಗ್ರಿ ಆಗುತ್ತದೆ. ಆರು ಡಿಗ್ರಿಗೂ ಮೀರಿದ ಈ 'ಬಿಸಿ' ಸಾಗರದಲ್ಲಿ ಇರಲೇ ಇಲ್ಲ. ಹಾಗಾಗಿ ಪ್ರತಿ ಚುಕ್ಕೆಯನ್ನು ಅಳೆದ ನಂತರವೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಬಿದ್ದ ಅಂಗಾಂಶದ ಹೆಸರನ್ನು ಕೋಷ್ಟಕದಲ್ಲಿ ಅಂಕಿಯ ಪಕ್ಕದಲ್ಲೇ ಬರೆಯುತ್ತೇವೆ. ಗಡಿಯ ಮೇಲೆ ಬಿದ್ದ ಚುಕ್ಕೆಯನ್ನು ಬಿಟ್ಟುಬಿಡುತ್ತೇವೆ.

ಬಿಳಿ ಅಂಗಾಂಶವೇ ಇಲ್ಲದ ಕೊನೊಡಾಂಟ್‌ಗಳೂ ಇವೆ. ಅಂಥವೇ ಸಿಗುವ ಕಲ್ಲಿನ ಪದರದಲ್ಲಿ ದೊಡ್ಡ ಮೊನೆಯ ನಡುಭಾಗವನ್ನು ಆರಿಸಿ ಆಮ್ಲಜನಕವನ್ನು ಮಾತ್ರ ವರದಿ ಮಾಡುತ್ತೇವೆ. ಸ್ಟ್ರಾಂಷಿಯಂ ಅನುಪಾತಕ್ಕೆ ಅದೇ ಕಲ್ಲಿನ ಪದರದ, ಬಿಳಿ ಅಂಗಾಂಶವಿರುವ ಬೇರೆ ಪ್ರಭೇದ ಸಿಗುವವರೆಗೆ ಆ ಅಂಕಣ ಖಾಲಿ ಇರುತ್ತದೆ.