ಬಿದ್ದದ್ದು ಯಾಕೆ ಅಂತ ಬರೆದಿಡುತ್ತೇನೆ

ಕ್ಲೈಂಬಿಂಗ್ ಲಾಗ್, ಅಂದರೆ ಬಂಡೆ ಹತ್ತುವವರ ದಿನಚರಿ ಪುಸ್ತಕದಲ್ಲಿ, ಹೆಚ್ಚಿನವರು ಹತ್ತಿದ್ದರ ಪಟ್ಟಿ ಇಡುತ್ತಾರೆ. ಬಾದಾಮಿಯಲ್ಲಿ 6ಎ, ಹಂಪಿಯಲ್ಲಿ ವಿ3 (ಎಷ್ಟು ಕಷ್ಟ ಅಂತ ಹೇಳುವ ದರ್ಜೆಗಳು), ಹೀಗೆ. ಓದಲು ಖುಷಿ, ಆದರೆ ಮುಂದಿನ ವಾರ ಏನು ಅಭ್ಯಾಸ ಮಾಡಬೇಕು ಅಂತ ಅದು ಹೇಳುವುದಿಲ್ಲ. ನಾನು ಬಿದ್ದದ್ದನ್ನೇ ಜಾಸ್ತಿ ಬರೆಯುತ್ತೇನೆ.

ನನ್ನದು ಸಾದಾ ನೋಟ್‌ಬುಕ್ಕು. ಆ್ಯಪ್‌ಗಳೂ ಇವೆ, ಆದರೆ ಬೆವರು ಹೀರುವ ಚಾಕ್ ಪುಡಿ ಮೆತ್ತಿದ ಬೆರಳಿಗೆ ಪೆನ್ಸಿಲ್ಲೇ ವಾಸಿ. ಬಿದ್ದ ಕೂಡಲೇ ಒಂದು ಸಾಲು: ಯಾವ ಮೂವ್‌ನಲ್ಲಿ, ಯಾಕೆ, ಅದಕ್ಕೂ ಮುಂಚೆ ಎಷ್ಟು ನಿಮಿಷ ಸುಮ್ನೆ ಕೂತಿದ್ದೆ. ‘ಯಾಕೆ’ಗೆ ಐದೇ ಪದ: ಕಾಲು, ಬೆರಳು, ಪಂಪ್ (ಮುಂಗೈ ಬಿಗಿದು ಸೋಲುವುದು), ಚರ್ಮ (ಬೆರಳ ತುದಿ ಸವೆಯುವುದು), ಭಯ. ಮನೆಗೆ ಹೋಗಿ ಬರೆದರೆ ಎಲ್ಲದಕ್ಕೂ ‘ಶಕ್ತಿ ಸಾಲಲಿಲ್ಲ’ ಅಂತಲೇ ಅನ್ನಿಸುತ್ತದೆ. ಭಯ ಅಂತ ಯಾರೂ ಮನೆಯಲ್ಲಿ ಕೂತು ಬರೆಯುವುದಿಲ್ಲ, ಅಲ್ವಾ?

ತಿಂಗಳಿಗೊಮ್ಮೆ ಪದಗಳನ್ನು ಎಣಿಸುತ್ತೇನೆ. ಬೆಂಗಳೂರಿನ ತುರಹಳ್ಳಿಯ ಪುಟಗಳಲ್ಲಿ ‘ಕಾಲು’ ಎಲ್ಲಕ್ಕಿಂತ ಹೆಚ್ಚಿತ್ತು. ಅಲ್ಲಿನ ಗ್ರಾನೈಟ್ ಇಳಿಜಾರಿನಲ್ಲಿ ಹಿಡಿಯಲು ಏನೂ ಇಲ್ಲದ ಕಡೆ ಶೂ ರಬ್ಬರನ್ನೇ ನಂಬಬೇಕು. ಅದನ್ನು ನೋಡಿ ಹ್ಯಾಂಗ್‌ಬೋರ್ಡ್ (ಬೆರಳ ಬಲಕ್ಕಾಗಿ ನೇತಾಡುವ ಹಲಗೆ) ದಿನಗಳನ್ನು ಕಡಿಮೆ ಮಾಡಿ, ಸುಲಭದ ಬಂಡೆಗಳನ್ನು ಬರೀ ಅಂಗೈ ಒತ್ತಿಕೊಂಡು ಹತ್ತಿದೆ. ಬಾದಾಮಿಯ ಪುಟಗಳು ಬೇರೆಯೇ. ಅಲ್ಲಿ ಕೆಂಪು ಮರಳುಗಲ್ಲಿನ ಕಡಿದಾದ ಗೋಡೆ, ಉದ್ದದ ರೂಟ್‌ಗಳು (ಹತ್ತುವ ದಾರಿಗಳು), ಸಾಲು ಸಾಲಾಗಿ ‘ಪಂಪ್’. ಹಾಗಾಗಿ ಈಗ ಬಾದಾಮಿಗೆ ಹೋಗುವ ಮುಂಚಿನ ವಾರಗಳಲ್ಲಿ ಜಿಮ್ ಗೋಡೆಯಲ್ಲಿ ಸುಲಭದ ಹಿಡಿತಗಳ ಮೇಲೆ 15–20 ನಿಮಿಷ ಇಳಿಯದೆ ಓಡಾಡುತ್ತೇನೆ. ಬೋರ್ ಹೊಡೆಯುತ್ತದೆ, ಆದರೆ ಮುಂಗೈ ಕಲ್ಲಾಗುವುದು ತಡವಾಗುತ್ತದೆ.

ಹೊತ್ತನ್ನೂ ಬರೆಯುತ್ತೇನೆ. ಹಂಪಿಯಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನ ಬಂಡೆ ಕಾದಿರುತ್ತದೆ, ಬೆರಳು ಬೆವರುತ್ತದೆ. ಬೆಳಿಗ್ಗೆ ನಿಂತ ಹಿಡಿತ ಆಗ ಜಾರುತ್ತದೆ. ಅದನ್ನು ಬಲ ಕುಗ್ಗಿತು ಅಂತ ಓದಬಾರದು. ಅಲ್ಲಿನ ಒರಟು ಗ್ರಾನೈಟ್ ಮೇಲೆ ಎರಡು ದಿನ ಕಳೆಯುವಷ್ಟರಲ್ಲಿ ‘ಚರ್ಮ’ ಶುರುವಾಗುತ್ತದೆ. ಅದಕ್ಕೆ ಮೂರನೇ ದಿನ ರಜೆ ಅಂತ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ.

ಹ್ಯಾಂಗ್‌ಬೋರ್ಡಿಗೆ ಬೇರೆ ಪುಟ. 20 ಮಿ.ಮೀ. ಅಂಚು, 10 ಸೆಕೆಂಡು ನೇತು, 3 ನಿಮಿಷ ವಿಶ್ರಾಂತಿ, ಸೊಂಟಕ್ಕೆ ಕಟ್ಟಿದ ತೂಕ. ಪಕ್ಕದಲ್ಲಿ ಬೆರಳು ನೋವಿಗೆ 0ಯಿಂದ 5ರವರೆಗೆ ಅಂಕ. ಈ ಅಂಕವೇ ಮುಖ್ಯ. ಸ್ನಾಯು ಬೇಗ ಬಲವಾಗುತ್ತದೆ, ಬೆರಳಿನ ಸ್ನಾಯುರಜ್ಜು ನಿಧಾನ. ಕೈಗೆ ಹುರುಪು ಬಂದ ವಾರಗಳಲ್ಲೇ ಅಪಾಯ ಹೆಚ್ಚು. ಉಂಗುರ ಬೆರಳಿನ ಬುಡದಲ್ಲಿ ಸತತ ಎರಡು ಸಲ 2 ಬಿದ್ದರೆ ತೂಕ ಬಿಚ್ಚಿಡುತ್ತೇನೆ, ಎಷ್ಟೇ ಆಸೆಯಿದ್ದರೂ.

ಮೈತೂಕದ ಕಾಲಮ್ಮನ್ನು ಕಿತ್ತು ಹಾಕಿದೆ. ದಿನಾ ಬರೆಯುತ್ತಾ ಹೋದರೆ ಊಟ ಬಿಡುವ ಯೋಚನೆ ಬರುತ್ತದೆ, ಈ ಆಟದಲ್ಲಿ ಆ ಗೀಳು ಬೇಗ ಅಂಟುತ್ತದೆ. ನಿದ್ದೆಯದನ್ನು ಇನ್ನೂ ಬರೆಯುತ್ತಿದ್ದೇನೆ.