ಕೊಂಡಿ ಕಳಚಿದ್ದು ಎಲ್ಲಿ? ಕನೆಕ್ಟರ್‌ನ ವಿವರವಾದ ಲಾಗ್ ತೆರೆಯುವ ಕ್ರಮ

ಬೈಕಂಪಾಡಿಯ ಗೋಡಂಬಿ ಕಾರ್ಖಾನೆಯಾಗಲಿ, ಮಲ್ಪೆಯ ಮೀನು ವ್ಯಾಪಾರಿಯಾಗಲಿ, ಮಣಿಪಾಲದ ಔಷಧ ವಿತರಕರಾಗಲಿ, ಇಂದು ಯಾರ ವ್ಯವಹಾರವೂ ಒಂದೇ ತಂತ್ರಾಂಶದೊಳಗೆ ಮುಗಿಯುವುದಿಲ್ಲ. ಬಿಲ್ ಒಂದರಲ್ಲಿ ತಯಾರಾಗುತ್ತದೆ, ಲೆಕ್ಕ ಇನ್ನೊಂದರಲ್ಲಿ ಸೇರುತ್ತದೆ, ಆನ್‌ಲೈನ್ ಆರ್ಡರ್ ಮತ್ತೊಂದರಿಂದ ಬರುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು ಇತರ ವ್ಯಾಪಾರ ಸಂಸ್ಥೆಗಳಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯವಾದ ಮೇಲಂತೂ ಸರ್ಕಾರಿ ಪೋರ್ಟಲ್ ಕೂಡ ಈ ಸಾಲಿಗೆ ಸೇರಿದೆ. ಇವುಗಳ ನಡುವೆ ಮಾಹಿತಿಯನ್ನು ಅತ್ತಿಂದಿತ್ತ ಸಾಗಿಸುವ ಸಣ್ಣ ತಂತ್ರಾಂಶವೇ ಕನೆಕ್ಟರ್. ಅದು ಸರಿಯಿರುವ ತನಕ ಅದರ ನೆನಪೇ ಯಾರಿಗೂ ಆಗುವುದಿಲ್ಲ. ಕೈಕೊಟ್ಟ ದಿನ ಮಾತ್ರ ಪರದೆಯ ಮೇಲೆ ‘ಸಂಪರ್ಕ ವಿಫಲವಾಗಿದೆ’ ಎಂಬ ಒಂದು ಸಾಲು ಕಾಣುತ್ತದೆ, ಆ ಸಾಲಿನಿಂದ ಏನೂ ತಿಳಿಯುವುದಿಲ್ಲ.

ಕಾರಣ ತಿಳಿಯಬೇಕಾದರೆ ವಿವರವಾದ ಲಾಗ್, ಎಂದರೆ ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಾಖಲೆ, ತೆರೆಯಬೇಕು. ಆದರೆ ಹೆಚ್ಚಿನವರು ಇಡೀ ವ್ಯವಸ್ಥೆಯ ಲಾಗನ್ನು ಒಮ್ಮೆಲೇ ಗರಿಷ್ಠ ಮಟ್ಟಕ್ಕೆ ಏರಿಸಿ, ಬಂದ ಲಕ್ಷಾಂತರ ಸಾಲುಗಳ ಮುಂದೆ ಕಂಗೆಟ್ಟು ಕೂರುತ್ತಾರೆ. ಬೆಟ್ಟ ಅಗೆದರೂ ಇಲಿ ಸಿಗದ ಪಾಡು ಅದು. ಯಾವ ಭಾಗದ ಲಾಗ್, ಎಷ್ಟು ಹೊತ್ತು, ಯಾವ ವ್ಯವಹಾರವನ್ನು ಹಿಡಿಯಲು ಎಂಬ ಮೂರನ್ನು ಮೊದಲೇ ನಿರ್ಧರಿಸಿಕೊಂಡವರಿಗೆ ಉತ್ತರ ಬಹುಬೇಗ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಕ್ರಮವೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ತೆರೆಯುವ ಮುನ್ನ

ಮೊದಲು ದೂರನ್ನು ನಿರ್ದಿಷ್ಟಗೊಳಿಸಿ. ‘ಬಿಲ್‌ಗಳು ಹೋಗುತ್ತಿಲ್ಲ’ ಎಂದರೆ ಸಾಲದು. ಇಂಥ ಸಂಖ್ಯೆಯ ಬಿಲ್, ಇಷ್ಟು ಗಂಟೆಗೆ ಕಳುಹಿಸಿದ್ದು, ಅತ್ತ ತಲುಪಲೇ ಇಲ್ಲವೋ, ತಲುಪಿ ತಿರಸ್ಕೃತವಾಯಿತೋ, ಎರಡು ಬಾರಿ ದಾಖಲಾಯಿತೋ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ವಿಫಲವಾದ ಒಂದು ಬಿಲ್‌ನ ಜೊತೆಗೆ ಸಫಲವಾದ ಅದೇ ಬಗೆಯ ಇನ್ನೊಂದು ಬಿಲ್‌ನ ಸಂಖ್ಯೆಯನ್ನೂ ಇಟ್ಟುಕೊಂಡರೆ ಮುಂದೆ ಎರಡರ ಲಾಗನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಇಷ್ಟು ಉಪಯುಕ್ತವಾದ ಪುರಾವೆ ಬೇರೊಂದಿಲ್ಲ.

ಅನಂತರ ಗಡಿಯಾರ. ಕನೆಕ್ಟರ್ ಇರುವ ಕಂಪ್ಯೂಟರಿನ ಗಡಿಯಾರ ಐದು ನಿಮಿಷ ಹಿಂದಿದ್ದರೆ ಅದರ ಲಾಗಿಗೂ ಎದುರು ಸರ್ವರಿನ ಲಾಗಿಗೂ ಎಂದಿಗೂ ತಾಳೆಯಾಗದು. ಅಷ್ಟೇ ಅಲ್ಲ, ಕೆಲವು ವ್ಯವಸ್ಥೆಗಳು ಸಮಯ ಹೊಂದದ ಕೋರಿಕೆಯನ್ನು ತಿರಸ್ಕರಿಸುವುದರಿಂದ ಗಡಿಯಾರವೇ ದೋಷದ ಮೂಲವಾಗಿರಲೂಬಹುದು. ಸರ್ವರ್‌ಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗಳೊಂದಿಗೆ ಹೊಂದಿಸಿಡಬೇಕೆಂದು ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿಯೇ ಹೇಳಿದೆ.

ಲಾಗ್‌ನಲ್ಲಿರುವ ಸಮಯ ಭಾರತೀಯ ಕಾಲಮಾನವೋ ಯುಟಿಸಿಯೋ (ಜಾಗತಿಕ ಪ್ರಮಾಣ ಸಮಯ) ಎಂಬುದನ್ನೂ ಈಗಲೇ ನೋಡಿಕೊಳ್ಳಬೇಕು. ನಮ್ಮ ಬೆಳಿಗ್ಗೆ 11.20 ಯುಟಿಸಿಯಲ್ಲಿ 5.50 ಆಗಿರುತ್ತದೆ. ಕರಾವಳಿಯಲ್ಲಿ ಈ ಐದೂವರೆ ಗಂಟೆಯ ಅಂತರಕ್ಕೆ ಇನ್ನೊಂದು ಪರಿಣಾಮವೂ ಇದೆ. ಮೀನಿನ ವ್ಯಾಪಾರ ನಸುಕಿನಲ್ಲಿಯೇ ಆರಂಭವಾಗುತ್ತದೆ. ತಿಂಗಳ 1ನೇ ತಾರೀಕಿನ ನಸುಕಿನ 4.30ಕ್ಕೆ ಮಲ್ಪೆಯಲ್ಲಿ ಮಾಡಿದ ಬಿಲ್ ಯುಟಿಸಿಯ ಪ್ರಕಾರ ಹಿಂದಿನ ದಿನದ ರಾತ್ರಿ 11 ಗಂಟೆಯದು, ಎಂದರೆ ಹಿಂದಿನ ತಿಂಗಳಿನದು. ಕನೆಕ್ಟರ್ ದಿನಾಂಕವನ್ನು ಯುಟಿಸಿಯಲ್ಲಿ ಕಳುಹಿಸುತ್ತಿದ್ದು, ಎದುರಿನ ತಂತ್ರಾಂಶ ಅದನ್ನು ಪರಿವರ್ತಿಸದೆ ಉಳಿಸಿಕೊಂಡರೆ ಆ ಬಿಲ್ ತಪ್ಪು ತಿಂಗಳ ಲೆಕ್ಕಕ್ಕೆ ಹೋಗುತ್ತದೆ. ಎಲ್ಲಿಯೂ ಎರರ್ ಬರುವುದಿಲ್ಲ. ಇಂಥ ದೋಷ ವಿವರವಾದ ಲಾಗ್‌ನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಡಿಸ್ಕ್‌ನಲ್ಲಿ ಜಾಗವಿದೆಯೇ ಎಂದು ನೋಡಿ, ಬದಲಿಸಲಿರುವ ಸಂರಚನಾ ಕಡತದ (ಸೆಟ್ಟಿಂಗ್‌ಗಳಿರುವ ಫೈಲ್) ಒಂದು ಪ್ರತಿಯನ್ನು ತೆಗೆದಿಟ್ಟು ಮುಂದುವರಿಯಿರಿ.

ಯಾವ ಲಾಗರ್, ಯಾವ ಮಟ್ಟ

ಹೆಚ್ಚಿನ ಲಾಗಿಂಗ್ ವ್ಯವಸ್ಥೆಗಳಲ್ಲಿ ಎಷ್ಟು ವಿವರ ದಾಖಲಾಗಬೇಕೆಂಬುದಕ್ಕೆ ಮಟ್ಟಗಳಿರುತ್ತವೆ. ಜಾವಾ ಆಧಾರಿತ ಕನೆಕ್ಟರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಲಾಗ್4ಜೆ 2 ಎಂಬ ಲಾಗಿಂಗ್ ತಂತ್ರಾಂಶದಲ್ಲಿ ಫೇಟಲ್, ಎರರ್, ವಾರ್ನ್, ಇನ್ಫೋ, ಡೀಬಗ್, ಟ್ರೇಸ್ ಎಂದು ಆರು ಮಟ್ಟಗಳಿವೆ. ಒಂದು ಮಟ್ಟವನ್ನು ಆರಿಸಿದರೆ ಅದೂ ಅದಕ್ಕಿಂತ ಗಂಭೀರವಾದವುಗಳೂ ದಾಖಲಾಗುತ್ತವೆ. ದಿನನಿತ್ಯಕ್ಕೆ ಇನ್ಫೋ ಸಾಕು. ದೋಷ ಹುಡುಕಲು ಡೀಬಗ್ ಬೇಕು. ಟ್ರೇಸ್ ತೀರಾ ಸೂಕ್ಷ್ಮ ವಿವರ ಕೊಡುತ್ತದೆ, ಡೀಬಗ್‌ನಲ್ಲಿ ಉತ್ತರ ಸಿಗದಾಗ ಮಾತ್ರ ಅದಕ್ಕೆ ಇಳಿಯಬೇಕು.

ಇಲ್ಲಿ ಗಮನಿಸಬೇಕಾದದ್ದು ಲಾಗರ್‌ಗಳ, ಎಂದರೆ ಲಾಗ್ ಬರೆಯುವ ಭಾಗಗಳ, ಹೆಸರು. ಪ್ರತಿ ಭಾಗಕ್ಕೂ ಚುಕ್ಕಿಗಳಿಂದ ಬೇರ್ಪಡಿಸಿದ ಒಂದು ಉದ್ದ ಹೆಸರಿರುತ್ತದೆ, ಮತ್ತು ತನಗೇ ಪ್ರತ್ಯೇಕ ಮಟ್ಟ ನಿಗದಿಯಾಗಿರದ ಲಾಗರ್ ತನ್ನ ಮೇಲಿನದರ ಮಟ್ಟವನ್ನು ಪಡೆಯುತ್ತದೆ. ಎಲ್ಲಕ್ಕೂ ಮೇಲಿರುವುದು ರೂಟ್ ಲಾಗರ್. ರೂಟನ್ನು ಡೀಬಗ್‌ಗೆ ಏರಿಸಿದರೆ ಡೇಟಾಬೇಸ್, ವೇಳಾಪಟ್ಟಿ, ಮೆಮೊರಿ ನಿರ್ವಹಣೆ ಎಲ್ಲವೂ ಏಕಕಾಲಕ್ಕೆ ಬರೆಯತೊಡಗುತ್ತವೆ. ಆದ್ದರಿಂದ ರೂಟನ್ನು ಇನ್ಫೋದಲ್ಲಿಯೇ ಬಿಟ್ಟು, ಕನೆಕ್ಟರ್‌ನ ಲಾಗರ್ ಮತ್ತು ಅದು ಬಳಸುವ ಎಚ್‌ಟಿಟಿಪಿ (ವೆಬ್ ಮೂಲಕ ಸಂದೇಶ ಸಾಗಿಸುವ) ಭಾಗದ ಲಾಗರ್, ಇವೆರಡನ್ನು ಮಾತ್ರ ಡೀಬಗ್‌ಗೆ ಏರಿಸಬೇಕು. ಎರಡನೆಯದು ಮುಖ್ಯ. ಕನೆಕ್ಟರ್ ತಾನು ಏನು ಕಳುಹಿಸಿದೆನೆಂದು ಹೇಳಿಕೊಳ್ಳುತ್ತದೋ ಅದು ಮೊದಲನೆಯದರಲ್ಲಿ ಬಂದರೆ, ತಂತಿಯ ಮೇಲೆ ನಿಜವಾಗಿ ಹೋದ ಅಕ್ಷರಗಳು ಎರಡನೆಯದರಲ್ಲಿ ಬರುತ್ತವೆ. ಅಪಾಚೆ ಎಚ್‌ಟಿಟಿಪಿ ಕ್ಲೈಂಟ್‌ನಲ್ಲಿ ಇದಕ್ಕೆ ವೈರ್ ಎಂಬ ಲಾಗರ್, ತಂತ್ರಾಂಶಗಳನ್ನು ಬೆಸೆಯುವ ಮ್ಯೂಲ್ 4ರಲ್ಲಿ ಎಚ್‌ಟಿಟಿಪಿ ಮೆಸೇಜ್ ಲಾಗರ್ ಇದೆ. ಹೆಸರು ಗೊತ್ತಾಗದಿದ್ದರೆ ಈಗಿರುವ ಲಾಗ್‌ನ ಎರರ್ ಸಾಲನ್ನೇ ನೋಡಿ. ಆ ಸಾಲನ್ನು ಬರೆದ ಲಾಗರ್‌ನ ಹೆಸರು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ಡೀಬಗ್ ಸಾಲುಗಳನ್ನು ಪ್ರತ್ಯೇಕ ಕಡತಕ್ಕೆ ಬರೆಸುವುದು ಒಳ್ಳೆಯದು. ಲಾಗ್4ಜೆ 2ರಲ್ಲಿ ಹಾಗೆ ಮಾಡುವಾಗ ಆ ಲಾಗರ್‌ನ ಅಡಿಟಿವಿಟಿಯನ್ನು ಫಾಲ್ಸ್ ಮಾಡದಿದ್ದರೆ ಪ್ರತಿ ಸಾಲೂ ಹೊಸ ಕಡತದ ಜೊತೆಗೆ ಹಳೆಯ ಕಡತದಲ್ಲಿಯೂ ಬೀಳುತ್ತದೆ. ಕಡತ ಇಷ್ಟು ಮೆಗಾಬೈಟ್ ಮುಟ್ಟಿದಾಗ ಹೊಸದು ಆರಂಭವಾಗಲಿ, ಹಳೆಯವು ಇಂತಿಷ್ಟೇ ಉಳಿಯಲಿ ಎಂಬ ನಿಯಮವನ್ನೂ ಜೊತೆಗೇ ಕೊಡಬೇಕು. ಇಲ್ಲವಾದರೆ ಶನಿವಾರ ಸಂಜೆ ತೆರೆದಿಟ್ಟು ಹೋದ ಲಾಗ್ ಸೋಮವಾರದ ಹೊತ್ತಿಗೆ ಡಿಸ್ಕನ್ನೆಲ್ಲ ತುಂಬಿ ಬಿಲ್ಲಿಂಗನ್ನೇ ನಿಲ್ಲಿಸಿರುತ್ತದೆ.

ರೀಸ್ಟಾರ್ಟ್ ಮಾಡುವ ಮುನ್ನ ಯೋಚಿಸಿ

ಕಡತ ಬದಲಿಸಿದ ಕೂಡಲೇ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು ಸಾಮಾನ್ಯ ರೂಢಿ. ಇದು ಎಷ್ಟೋ ಬಾರಿ ಪುರಾವೆಯನ್ನೇ ಅಳಿಸಿಹಾಕುತ್ತದೆ. ಅವಧಿ ಮೀರಿದ ಟೋಕನ್ (ಪ್ರವೇಶದ ಡಿಜಿಟಲ್ ಚೀಟಿ), ಬಿಡುಗಡೆಯಾಗದೆ ಉಳಿದ ಡೇಟಾಬೇಸ್ ಸಂಪರ್ಕಗಳು, ಹಳತಾದ ಕ್ಯಾಶೆ (ತಾತ್ಕಾಲಿಕವಾಗಿ ಉಳಿಸಿಟ್ಟ ಮಾಹಿತಿ) ಇವೆಲ್ಲ ಮರು ಆರಂಭದೊಂದಿಗೆ ಮಾಯವಾಗುತ್ತವೆ. ಕೆಲಸ ಸರಿಹೋಯಿತೆಂದು ಎಲ್ಲರೂ ನೆಮ್ಮದಿ ಪಡುವಷ್ಟರಲ್ಲಿ, ಕೆಲವು ದಿನಗಳ ಬಳಿಕ ಅದೇ ದೋಷ ಮರಳುತ್ತದೆ. ಆದ್ದರಿಂದ ಓಡುತ್ತಿರುವಾಗಲೇ ಮಟ್ಟ ಬದಲಿಸುವ ದಾರಿಯನ್ನು ಮೊದಲು ಹುಡುಕಬೇಕು. ಲಾಗ್4ಜೆ 2ರ ಸಂರಚನೆಯಲ್ಲಿ ಮಾನಿಟರ್ ಇಂಟರ್ವಲ್ ಎಂಬ ಮೌಲ್ಯವನ್ನು ಮೊದಲೇ ಸೆಕೆಂಡುಗಳಲ್ಲಿ ಕೊಟ್ಟಿದ್ದರೆ ಅದು ಕಡತದ ಬದಲಾವಣೆಯನ್ನು ತಾನಾಗಿ ಗುರುತಿಸಿ ಅಳವಡಿಸಿಕೊಳ್ಳುತ್ತದೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಅದರ ನಿರ್ವಹಣಾ ಭಾಗವಾದ ಆಕ್ಚುಯೇಟರ್‌ನ ಲಾಗರ್ಸ್ ವಿಳಾಸಕ್ಕೆ ಒಂದು ಕೋರಿಕೆ ಕಳುಹಿಸಿ ಮಟ್ಟವನ್ನು ಬದಲಿಸಬಹುದು. ಆದರೆ ಆ ವಿಳಾಸ ಹೊರಗಿನವರಿಗೆ ತೆರೆದಿರಬಾರದು. ಕ್ಲೌಡ್ ಸೇವೆಗಳಲ್ಲಿ ಕಡತ ನಮ್ಮ ಕೈಯಲ್ಲಿರುವುದಿಲ್ಲ, ನಿರ್ವಾಹಕರ ಪುಟದಲ್ಲಿಯೇ ಆಯ್ಕೆ ಇರುತ್ತದೆ. ಸೇಲ್ಸ್‌ಫೋರ್ಸ್‌ನಲ್ಲಂತೂ ಇಂಥ ಲಾಗಿಂಗನ್ನು ಒಮ್ಮೆಗೆ 24 ಗಂಟೆಗಿಂತ ಹೆಚ್ಚು ತೆರೆದಿಡಲು ಸಾಧ್ಯವಿಲ್ಲ.

ವಿವರವಾದ ಲಾಗ್ ಬರೆಯುವುದರಿಂದ ಕನೆಕ್ಟರ್ ನಿಧಾನವಾಗುತ್ತದೆ ಎಂಬುದೂ ನೆನಪಿರಲಿ. ಎರಡು ಕೆಲಸಗಳ ನಡುವಿನ ಪೈಪೋಟಿಯಿಂದ ಹುಟ್ಟುವ ದೋಷ ಆ ನಿಧಾನದಿಂದಲೇ ಕಾಣದಂತಾಗಬಹುದು. ಲಾಗ್ ತೆರೆದ ಕೂಡಲೇ ದೋಷ ನಿಂತುಹೋದರೆ ಅದೂ ಒಂದು ಸುಳಿವೆಂದು ಗುರುತು ಹಾಕಿಕೊಳ್ಳಬೇಕು.

ಓದುವ ಬಗೆ

ಈಗ ವಿಫಲವಾದ ಬಿಲ್ಲನ್ನು ಒಮ್ಮೆ, ಸಫಲವಾಗುವ ಬಿಲ್ಲನ್ನು ಒಮ್ಮೆ ಕಳುಹಿಸಿ, ಸಮಯ ಬರೆದುಕೊಳ್ಳಿ. ಕಡತದಲ್ಲಿ ಬಿಲ್ ಸಂಖ್ಯೆಯನ್ನು ಹುಡುಕಿ, ಆ ಸಾಲಿನಲ್ಲಿರುವ ಕೋರಿಕೆಯ ಗುರುತು ಸಂಖ್ಯೆಯನ್ನು ತೆಗೆದುಕೊಂಡು, ಆ ಸಂಖ್ಯೆ ಇರುವ ಎಲ್ಲ ಸಾಲುಗಳನ್ನು ಸೋಸಿ ತೆಗೆಯಿರಿ. ಆಗ ಒಂದು ವ್ಯವಹಾರದ ಪೂರ್ಣ ಪಯಣ ಮಾತ್ರ ಕಣ್ಣ ಮುಂದಿರುತ್ತದೆ.

ಕೊನೆಯ ಎರರ್‌ಗಿಂತ ಮೊದಲ ಎರರ್ ಮುಖ್ಯ. ಇದಕ್ಕೆ ಕರಾವಳಿಯ ಮಳೆಗಾಲದಲ್ಲಿ ಯಾವಾಗ ಬೇಕಾದರೂ ಎದುರಾಗಬಹುದಾದ ಉದಾಹರಣೆ ನೋಡೋಣ. ಇ-ಇನ್‌ವಾಯ್ಸ್ ಕೋರಿಕೆ ಹೋಗಿದೆ, ಪೋರ್ಟಲ್ ಅದನ್ನು ಸ್ವೀಕರಿಸಿ ಐಆರ್‌ಎನ್ (ಇನ್‌ವಾಯ್ಸ್‌ನ ವಿಶಿಷ್ಟ ಗುರುತು ಸಂಖ್ಯೆ) ಸೃಷ್ಟಿಸಿದೆ, ಅಷ್ಟರಲ್ಲಿ ಗಾಳಿಮಳೆಗೆ ಇಂಟರ್‌ನೆಟ್ ಕಡಿದು ಉತ್ತರ ಮರಳಿ ತಲುಪಿಲ್ಲ. ಕನೆಕ್ಟರ್ ಮರುಪ್ರಯತ್ನ ಮಾಡುತ್ತದೆ. ಐಆರ್‌ಎನ್ ಸಿದ್ಧವಾಗುವುದು ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆಗಳಿಂದ. ಅವು ಬದಲಾಗಿಲ್ಲದ ಕಾರಣ ಪೋರ್ಟಲ್ ಅದನ್ನು ನಕಲು ಎಂದು ತಿರಸ್ಕರಿಸುತ್ತದೆ. ಪರದೆಯ ಮೇಲೆ ಕಾಣುವುದು ನಕಲಿನ ಎರರ್ ಮಾತ್ರ, ಗುಮಾಸ್ತರು ಬಿಲ್ ಸಂಖ್ಯೆಯನ್ನು ಬದಲಿಸಿ ಮತ್ತೆ ಕಳುಹಿಸುತ್ತಾರೆ, ಒಂದೇ ಮಾರಾಟಕ್ಕೆ ಎರಡು ಇನ್‌ವಾಯ್ಸ್ ಆಗುತ್ತವೆ. ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಮೊದಲ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಅವಧಿ ಮುಗಿದ) ಸಾಲನ್ನು ನೋಡಿದ್ದರೆ, ಮಾಡಬೇಕಾದದ್ದು ಹೊಸ ಬಿಲ್ ಅಲ್ಲ, ಇರುವ ಐಆರ್‌ಎನ್ ಅನ್ನು ಪೋರ್ಟಲ್‌ನಿಂದ ಪಡೆಯುವುದು ಎಂದು ತಿಳಿಯುತ್ತಿತ್ತು.

ಟೈಮ್‌ಔಟ್‌ನಲ್ಲಿಯೂ ಎರಡು ಬಗೆಗಳಿವೆ, ಇವನ್ನು ಬೇರ್ಪಡಿಸಿ ನೋಡಲೇಬೇಕು. ಕನೆಕ್ಟ್ ಟೈಮ್‌ಔಟ್ ಎಂದರೆ ಸಂಪರ್ಕವೇ ಏರ್ಪಟ್ಟಿಲ್ಲ, ಕೋರಿಕೆ ಅತ್ತ ಹೋಗಿಲ್ಲ, ಮರುಪ್ರಯತ್ನಕ್ಕೆ ಅಡ್ಡಿಯಿಲ್ಲ. ರೀಡ್ ಟೈಮ್‌ಔಟ್ ಎಂದರೆ ಸಂಪರ್ಕ ಏರ್ಪಟ್ಟಿದೆ, ಉತ್ತರ ಮಾತ್ರ ಬಂದಿಲ್ಲ, ಕೆಲಸ ಅತ್ತ ಆಗಿರಲೂಬಹುದು. ರೀಡ್ ಟೈಮ್‌ಔಟ್ ಆದಾಗ ಕಣ್ಣುಮುಚ್ಚಿ ಮರುಪ್ರಯತ್ನ ಮಾಡುವ ಕನೆಕ್ಟರ್, ನಕಲು ತಡೆಯುವ ವ್ಯವಸ್ಥೆಯಿಲ್ಲದ ತಂತ್ರಾಂಶದಲ್ಲಿ ಒಂದೇ ಆರ್ಡರನ್ನು ಎರಡು ಮೂರು ಬಾರಿ ನಮೂದಿಸಿಬಿಡುತ್ತದೆ.

ಎದುರಿನ ಸರ್ವರ್ ಕೊಡುವ ಉತ್ತರದ ಸಂಖ್ಯೆಗಳನ್ನು ಓದುವುದು ಸುಲಭ. 401 ಬಂದರೆ ಗುರುತಿನ ದೃಢೀಕರಣ ವಿಫಲ, 403 ಬಂದರೆ ಅನುಮತಿಯಿಲ್ಲ, 429 ಬಂದರೆ ಕೋರಿಕೆಗಳು ಮಿತಿ ಮೀರಿವೆ, 502 ಅಥವಾ 504 ಬಂದರೆ ತೊಂದರೆ ನಡುವಿನ ಗೇಟ್‌ವೇಯ ಆಚೆಗಿದೆ.

400 ಬಂದಾಗ ಮಾತ್ರ ವೈರ್ ಲಾಗ್‌ನಲ್ಲಿ ತಾಳ್ಮೆಯಿಂದ ಕೂರಬೇಕು, ಏಕೆಂದರೆ ನಾವು ಕಳುಹಿಸಿದ್ದರಲ್ಲಿಯೇ ಏನೋ ಊನವಿದೆ ಎಂದು ಅದರ ಅರ್ಥ. ಗ್ರಾಹಕರ ಹೆಸರು, ವಿಳಾಸಗಳನ್ನು ಕನ್ನಡದಲ್ಲಿ ಇಡುವ ನಮ್ಮಂಥವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕಣ್ಣಿಗೆ ನಾಲ್ಕು ಅಕ್ಷರವಾಗಿ ಕಾಣುವ ‘ಮಂಗಳೂರು’ ಯೂನಿಕೋಡ್‌ನಲ್ಲಿ 7 ಸಂಕೇತಗಳು. ಅವುಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 21 ಬೈಟ್. ಸಂದೇಶದ ಉದ್ದವನ್ನು ಬೈಟ್‌ಗಳಲ್ಲಿ ಹೇಳಬೇಕಾದಲ್ಲಿ ಕನೆಕ್ಟರ್ 7 ಎಂದು ಲೆಕ್ಕ ಹಾಕಿದರೆ, ಎದುರಿನ ಸರ್ವರ್ ಅಷ್ಟನ್ನೇ ಓದಿ ಉಳಿದದ್ದನ್ನು ಕತ್ತರಿಸುತ್ತದೆ, ಸಂದೇಶದ ಕೊನೆಯ ಆವರಣ ಚಿಹ್ನೆ ಕಾಣದೆ 400 ಎನ್ನುತ್ತದೆ. ಇಂಗ್ಲಿಷ್ ವಿಳಾಸದ ಬಿಲ್‌ಗಳೆಲ್ಲ ಸರಾಗವಾಗಿ ಹೋಗಿ ಕನ್ನಡ ವಿಳಾಸದವು ಮಾತ್ರ ನಿಂತರೆ ಇದನ್ನೇ ಮೊದಲು ಶಂಕಿಸಿ. ಹೊರಹೋದ ಕೋರಿಕೆಯಲ್ಲಿಯೇ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಹಾನಿ ನಮ್ಮ ಕಡೆಯದು. ಹೊರಹೋದ ಬೈಟ್‌ಗಳು ಸರಿಯಿದ್ದು ಎದುರಿನ ತಂತ್ರಾಂಶದಲ್ಲಿ ಮಾತ್ರ ಕೆಟ್ಟಿದ್ದರೆ ಅವರ ಕಡೆಯದು. ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ ಎಂಬ ಸಲಹೆಯನ್ನು ಇದಕ್ಕೆ ಪರಿಹಾರವೆಂದು ಯಾರೂ ಒಪ್ಪಬೇಕಿಲ್ಲ. ಇದು ತಂತ್ರಾಂಶದ ದೋಷ, ಅದನ್ನು ಸರಿಪಡಿಸಲು ಸಾಧ್ಯವಿದೆ, ಮತ್ತು ಈ ಲಾಗ್ ಅದಕ್ಕೆ ಸಾಕ್ಷಿ.

ಹೊರಗೆ ಕಳುಹಿಸುವ ಮುನ್ನ, ಮುಚ್ಚುವಾಗ

ವಿವರವಾದ ಲಾಗ್‌ನಲ್ಲಿ ಪಾಸ್‌ವರ್ಡ್, ಟೋಕನ್, ಗ್ರಾಹಕರ ಫೋನ್ ಸಂಖ್ಯೆ ಎಲ್ಲವೂ ಬಯಲಾಗಿ ಬೀಳಬಹುದು. ಒಳಗಿನ ಲಾಗ್‌ನಲ್ಲಿ ಪಾಸ್‌ವರ್ಡ್‌ಗಳು ಮರೆಮಾಚದೆ ದಾಖಲಾಗಿದ್ದವೆಂದು 2018ರ ಮೇ ತಿಂಗಳಿನಲ್ಲಿ ಟ್ವಿಟರ್ ತನ್ನ ಬಳಕೆದಾರರೆಲ್ಲರಿಗೂ ಪಾಸ್‌ವರ್ಡ್ ಬದಲಿಸಲು ಸಲಹೆ ನೀಡಬೇಕಾಯಿತು. ಕಡತವನ್ನು ತಂತ್ರಾಂಶ ಕಂಪನಿಯ ನೆರವು ವಿಭಾಗಕ್ಕೆ ಕಳುಹಿಸುವ ಮೊದಲು ದೃಢೀಕರಣದ ಸಾಲುಗಳನ್ನೂ ಗ್ರಾಹಕರ ವೈಯಕ್ತಿಕ ವಿವರಗಳನ್ನೂ ಅಳಿಸಬೇಕು. ಇಡೀ ಕಡತದ ಬದಲು ಆ ಒಂದು ವ್ಯವಹಾರದ ಸಾಲುಗಳನ್ನೂ ಹೋಲಿಕೆಗಾಗಿ ಸಫಲವಾದ ಇನ್ನೊಂದರ ಸಾಲುಗಳನ್ನೂ ಕಳುಹಿಸಿದರೆ ಸಾಕು. ಕನೆಕ್ಟರ್‌ನ ಆವೃತ್ತಿ ಸಂಖ್ಯೆ ಮತ್ತು ಸಮಯವಲಯವನ್ನು ಜೊತೆಗೆ ತಿಳಿಸಿ. ಟೋಕನ್ ಒಮ್ಮೆ ಹೊರಗೆ ಹೋಗಿದ್ದರೆ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಲಾಗ್4ಜೆ ಬಳಕೆಯಲ್ಲಿದ್ದರೆ ಅದರ ಆವೃತ್ತಿಯನ್ನೂ ಇದೇ ಸಂದರ್ಭದಲ್ಲಿ ನೋಡಿಬಿಡಿ. 2021ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಲಾಗ್4ಶೆಲ್ ದೋಷದಲ್ಲಿ, ಲಾಗ್‌ಗೆ ಬರೆಯುವ ಪಠ್ಯದ ಮೂಲಕವೇ ಹೊರಗಿನವರು ಸರ್ವರನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಹೊರಗಿನಿಂದ ಬಂದ ಪಠ್ಯವನ್ನು ಹೆಚ್ಚು ಹೆಚ್ಚಾಗಿ ಬರೆಸಲು ಹೊರಟಿರುವಾಗ 2.17.1ಕ್ಕಿಂತ ಹಳೆಯ ಆವೃತ್ತಿಯನ್ನು ಇಟ್ಟುಕೊಳ್ಳುವುದು ಸಲ್ಲದು.

ಕಾರಣ ಸಿಕ್ಕಿದ ಮೇಲೆ ಎರಡೂ ಲಾಗರ್‌ಗಳನ್ನು ಇನ್ಫೋಗೆ ಇಳಿಸಿ, ಒಂದು ಬಿಲ್ ಕಳುಹಿಸಿ, ಡೀಬಗ್ ಕಡತ ಬೆಳೆಯುವುದು ನಿಂತಿದೆಯೇ ಎಂದು ಕಣ್ಣಾರೆ ನೋಡಬೇಕು. ಓಡುತ್ತಿರುವಾಗ ಮಟ್ಟ ಇಳಿಸಿದ್ದರೂ ಸಂರಚನಾ ಕಡತದಲ್ಲಿ ಡೀಬಗ್ ಹಾಗೆಯೇ ಉಳಿದಿದ್ದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಅದು ಮತ್ತೆ ಏರುತ್ತದೆ. ಡೀಬಗ್ ಕಡತವನ್ನೂ ಇಮೇಲ್, ವಾಟ್ಸ್‌ಆ್ಯಪ್‌ಗಳಲ್ಲಿ ಹಂಚಿದ ಅದರ ಪ್ರತಿಗಳನ್ನೂ ಕೆಲಸ ಮುಗಿದ ಮೇಲೆ ತೆಗೆದುಹಾಕಬಹುದೇ ಎಂಬುದನ್ನು ನಿಮ್ಮ ಸಂಸ್ಥೆಯ ಜವಾಬ್ದಾರರೊಂದಿಗೆ ನಿರ್ಧರಿಸಿ. ಸರ್ಟ್-ಇನ್ ನಿರ್ದೇಶನದಂತೆ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಉಳಿಸಿಕೊಳ್ಳಬೇಕಾಗಿರುವುದರಿಂದ, ಅಳಿಸುವ ಭರದಲ್ಲಿ ದಿನನಿತ್ಯದ ಲಾಗ್‌ಗೆ ಕೈಹಾಕಬಾರದು.