ದೊಡ್ಡಮ್ಮನ ಐದೂವರೆ ಶ್ರುತಿ ಮತ್ತು ನನ್ನ ಗಿಟಾರ್

ಗಿಟಾರ್ ಕೊಂಡು ಎರಡು ವರ್ಷ ಆಗಿತ್ತು. ಇಪ್ಪತ್ತು ಹಾಡುಗಳ ಶುರು ನುಡಿಸಲು ಬರುತ್ತಿತ್ತು, ಒಂದು ಹಾಡೂ ಕೊನೆಯವರೆಗೆ ಬರುತ್ತಿರಲಿಲ್ಲ. ಆಫೀಸಿನಿಂದ ಬಂದ ಮೇಲೆ ಮೊಬೈಲ್‌ನಲ್ಲಿ ಒಂದು ವಿಡಿಯೋ ಹಾಕಿಕೊಂಡು ಕೂರುತ್ತಿದ್ದೆ. ಇವತ್ತು ಸ್ಟ್ರಮ್ಮಿಂಗ್, ನಾಳೆ ಫಿಂಗರ್ ಪಿಕ್ಕಿಂಗ್, ನಾಳಿದ್ದು ಯಾವುದೋ ಸೋಲೋ. ನಾಲ್ಕು ತಿಂಗಳು ಎಫ್ ಬಾರ್ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು; ಇದಕ್ಕೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೂ ಅಡ್ಡ ಒತ್ತಬೇಕು) ಒಂದರ ಹಿಂದೆಯೇ ಬಿದ್ದಿದ್ದೆ. ಯಾಕೆ ಅಂತ ಯಾರಾದರೂ ಕೇಳಿದ್ದರೆ ಹೇಳೋಕೆ ಉತ್ತರ ಇರಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ಮೈಸೂರಿನ ದೊಡ್ಡಮ್ಮನ ಮನೆಗೆ ಹೋದೆ. ಊಟ ಆದ ಮೇಲೆ ದೊಡ್ಡಮ್ಮ ಭಾವಗೀತೆ ಹಾಡುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. "ಗಿಟಾರ್ ತಂದಿದ್ದೀಯಲ್ಲ ಪುಟ್ಟ, ನನ್ನ ಜೊತೆ ಬಾರಿಸು" ಅಂದರು. ಯಾವ ಕಾರ್ಡ್ ಹಿಡಿದರೂ ಅವರ ದನಿಗೆ ಕೂಡಲಿಲ್ಲ. ಎರಡನೇ ಸಾಲಿಗೇ ನಿಲ್ಲಿಸಿದೆ. ಅವರು ಏನೂ ಅನ್ನದೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಹಾಡು ಮುಗಿಸಿದರು. ನನಗೆ ತುಂಬಾ ಬೇಜಾರಾಯಿತು. ಬೆಂಗಳೂರಿಗೆ ವಾಪಸ್ ಬರುವಾಗ ರೈಲಿನಲ್ಲೇ ತೀರ್ಮಾನ ಮಾಡಿದೆ. ಮುಂದಿನ ಗೌರಿ ಹಬ್ಬಕ್ಕೆ ದೊಡ್ಡಮ್ಮನ ಜೊತೆ ಮೂರು ಹಾಡು, ಮೊದಲಿನಿಂದ ಕೊನೆಯವರೆಗೆ.

ಮರುದಿನವೇ ಫೋನ್ ಮಾಡಿ ಅವರ ಶ್ರುತಿ, ಅಂದರೆ ಅವರು ಸ ಹಿಡಿಯುವ ಮನೆ, ಯಾವುದು ಅಂತ ಕೇಳಿದೆ. "ಐದೂವರೆ" ಅಂದರು. ಹಾರ್ಮೋನಿಯಂನಲ್ಲಿ ಸಿ ಮನೆಯನ್ನು ಒಂದು ಅಂತ ಹಿಡಿದರೆ ಜಿ ಐದಾಗುತ್ತದೆ. ಐದೂವರೆ ಅಂದರೆ ಅದರ ಪಕ್ಕದ ಕಪ್ಪು ಮನೆ, ಜಿ ಶಾರ್ಪ್. ನಾನು ಹಬ್ಬದ ದಿನ ಸಿ ಇಟ್ಟುಕೊಂಡು ಒದ್ದಾಡಿದ್ದೆ! ಗಿಟಾರಿನ ಕತ್ತಿನ ಮೊದಲನೇ ಮನೆ, ಅಂದರೆ ಮೊದಲನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಸ್ಕೇಲಿನ ಕಾರ್ಡ್‌ಗಳನ್ನು ಹಿಡಿದರೆ ನೇರವಾಗಿ ಅವರ ಶ್ರುತಿಗೆ ಬರುತ್ತದೆ. ಇನ್ನೊಂದು ವಿಷಯವೂ ಆಗಲೇ ತಿಳಿಯಿತು. ಜಿ ಸ್ಕೇಲಿನಲ್ಲಿ ಎಫ್ ಕಾರ್ಡ್ ಇಲ್ಲವೇ ಇಲ್ಲ. ಆ ನಾಲ್ಕು ತಿಂಗಳ ಕಷ್ಟ ಈ ಕೆಲಸಕ್ಕೆ ಬೇಕೇ ಇರಲಿಲ್ಲ. ಸೋಲೋ ಪಾಠಗಳನ್ನೂ ಪಕ್ಕಕ್ಕಿಟ್ಟೆ. ಜಿ, ಸಿ, ಡಿ, ಇ ಮೈನರ್, ಎ ಮೈನರ್ ಇಷ್ಟು ಉಳಿದವು.

ದಿನಕ್ಕೆ 40 ನಿಮಿಷ ಅಂತ ಇಟ್ಟುಕೊಂಡೆ. ಮೊದಲ ಹತ್ತು ನಿಮಿಷ ಕಾರ್ಡ್ ಬದಲಾಯಿಸುವುದು ಮಾತ್ರ. ಒಂದು ನಿಮಿಷಕ್ಕೆ ಅಲಾರಂ ಇಟ್ಟು, ಜಿಯಿಂದ ಸಿಗೆ ಎಷ್ಟು ಸಲ ಹೋಗಿ ಬಂದೆ ಅಂತ ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಮೊದಲ ದಿನ 14. ಒಂದು ತಿಂಗಳಿಗೆ 38. ಆ ಸಂಖ್ಯೆ ಕಣ್ಣೆದುರು ಇದ್ದದ್ದರಿಂದ ಬೇಸರ ಬರಲಿಲ್ಲ. ಕೈ ಎಲ್ಲಿ ತಡೆಯುತ್ತಿದೆ ಅನ್ನುವುದೂ ಗೊತ್ತಾಯಿತು. ಬೆರಳುಗಳನ್ನು ತಂತಿಯಿಂದ ಜಾಸ್ತಿ ಮೇಲೆತ್ತುತ್ತಿದ್ದೆ, ಅಷ್ಟೇ.

ಮುಂದಿನ ಹತ್ತು ನಿಮಿಷ ದೊಡ್ಡಮ್ಮ ಕೊಟ್ಟದ್ದು. "ಸರಳೆ ವರಸೆ ಹಾಕು, ಮೂರು ಕಾಲದಲ್ಲಿ" ಅಂದರು. ಅದು ಕರ್ನಾಟಕ ಸಂಗೀತದ ಮೊದಲ ಪಾಠ; ಕಾಲ ಅಂದರೆ ವೇಗ. ಗಿಟಾರಿಗೆ ಸರಳೆ ಯಾಕೆ ಅಂತ ನನಗೆ ಅನುಮಾನ ಇತ್ತು. ಆದರೂ ಆ ಪಾಠದ ರಾಗವಾದ ಮಾಯಾಮಾಳವಗೌಳವನ್ನು ಒಂದೇ ತಂತಿಯ ಮೇಲೆ ಹುಡುಕಿದೆ. ಖಾಲಿ ತಂತಿ ಸ, ಆಮೇಲೆ ಫ್ರೆಟ್ 1, 4, 5, 7, 8, 11, 12. ಸ್ವರಗಳ ನಡುವಿನ ಅಂತರ ಅಳತೆಪಟ್ಟಿಯ ಮೇಲೆ ಇಟ್ಟ ಹಾಗೆ ಕಂಡಿತು. ಲಯಕ್ಕೆ ಟಿಕ್ ಟಿಕ್ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು ಬಡಿತಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಎರಡನೇ ಕಾಲದಲ್ಲೇ ಮುಗ್ಗರಿಸುತ್ತಿದ್ದೆ. ಕಾರಣ ಬಲಗೈ: ಪಿಕ್ಕನ್ನು (ತಂತಿ ಮೀಟುವ ಸಣ್ಣ ಬಿಲ್ಲೆ) ಕೆಳಮುಖವಾಗಿ ಮಾತ್ರ ಎಳೆಯುತ್ತಿದ್ದೆ. ಕೆಳಗೆ, ಮೇಲೆ, ಕೆಳಗೆ, ಮೇಲೆ ಅಂತ ರೂಢಿ ಮಾಡಿಕೊಂಡ ಮೇಲೆ ಮೂರನೇ ಕಾಲವೂ ಬಂತು. ಎರಡು ವರ್ಷ ವಿಡಿಯೋ ನೋಡಿದರೂ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೆಟ್ರೊನೋಮನ್ನು ನಿಧಾನಕ್ಕೆ ಇಟ್ಟು ಕಾಲ ಬದಲಿಸುವುದು ಗಿಟಾರ್ ಕಲಿಯುವ ಎಲ್ಲರಿಗೂ ಬೇಕು ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ.

ಉಳಿದ ಇಪ್ಪತ್ತು ನಿಮಿಷ ಹಾಡಿಗೆ. ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದೇ. ಕಾರ್ಡ್‌ಗಳನ್ನು ಸ್ವರದಲ್ಲಿ ಬರೆದುಕೊಂಡೆ. ಜಿ ಅಂದರೆ ಸ-ಗ-ಪ. ಸಿ ಅಂದರೆ ಮ-ದ-ಸ. ಡಿ ಅಂದರೆ ಪ-ನಿ-ರಿ. ಮೂರೇ ಕಾರ್ಡ್‌ನಲ್ಲಿ ಏಳೂ ಸ್ವರ ಬಂದುಬಿಟ್ಟವು! ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳೇ ಅಲ್ವಾ. ಹಾಗಾಗಿ ಆ ಸ್ವರಗಳಲ್ಲಿರುವ ಹಾಡಾದರೆ ಮೊದಲು ಬಾಯಲ್ಲಿ ಹಾಡಿಕೊಂಡು, ಸಾಲು ಯಾವ ಸ್ವರದಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿದ್ದೆ. ಆ ಸ್ವರ ಇರುವ ಕಾರ್ಡ್ ಹಿಡಿದರೆ ಹೆಚ್ಚಿನ ಕಡೆ ಕೂಡುತ್ತಿತ್ತು.

ಮೋಹನ ರಾಗದ ಹಾಡಿಗೆ ಮಾತ್ರ ಇದು ಸಾಲಲಿಲ್ಲ. ಅಲ್ಲಿ ಮ ಇಲ್ಲ, ನಿ ಇಲ್ಲ. ಸಿ ಹಿಡಿದರೆ ಮ ನುಗ್ಗುತ್ತದೆ, ಡಿ ಹಿಡಿದರೆ ನಿ. ಫೋನಿನಲ್ಲಿ ದೊಡ್ಡಮ್ಮ ಕೂಡಲೇ ಹಿಡಿದರು: "ಅಲ್ಲೇನೋ ಬೇರೆ ಸ್ವರ ಕೇಳ್ತಿದೆಯಲ್ಲೋ." ಆಗ ಜಿ ಮತ್ತು ಇ ಮೈನರ್ ಎರಡರಲ್ಲೇ ನುಡಿಸಿದೆ. ಇ ಮೈನರ್ ದ-ಸ-ಗ, ಮೂರೂ ಮೋಹನದವು. ಸಾಲು ರಿಯಲ್ಲಿ ನಿಂತರೆ ಡಿ ಹಿಡಿದು, ಕೆಳಗಿನ ಸಣ್ಣ ತಂತಿಯನ್ನು ಮೀಟದೆ ಬಿಟ್ಟೆ. ನಿ ಇರುವುದು ಆ ತಂತಿಯಲ್ಲಿ ಮಾತ್ರ. ಉಳಿಯುವುದು ಪ ಮತ್ತು ರಿ. ಹಾಡು ಎಷ್ಟು ತಿಳಿಯಾಯಿತು ಅಂದರೆ, ಅದೇ ಸಾಲನ್ನು ಅವರು ನಾಲ್ಕು ಸಲ ಹಾಡಿದರು.

ಭಾನುವಾರ ಹೊಸದೇನೂ ಇಲ್ಲ. ವಾರವಿಡೀ ನುಡಿಸಿದ ಹಾಡನ್ನು ನಿಲ್ಲಿಸದೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ದೊಡ್ಡಮ್ಮನಿಗೆ ಕಳಿಸುವುದು. ತಪ್ಪಾದರೂ ಮುಂದೆ ಹೋಗಲೇಬೇಕು, ಯಾಕೆಂದರೆ ಹಾಡುವವರು ನಿಲ್ಲುವುದಿಲ್ಲ. ಒಂದು ಸಲ ಅವರು, "ಕಾರ್ಡ್ ಎಲ್ಲ ಸರಿ, ಆದರೆ ಚರಣ ಬಂದಾಗ ಓಡ್ತೀಯ" ಅಂದರು. ಕೇಳಿ ನೋಡಿದೆ, ನಿಜ. ಆ ಹಾಡು ಆರು ಮಾತ್ರೆಯ ದಾದ್ರಾ ನಡೆ. ಎರಡು ವಾರ ಕಾರ್ಡ್ ಹಿಡಿಯದೆ, ಎಡಗೈಯಿಂದ ತಂತಿಗಳನ್ನು ಸುಮ್ನೆ ಮುಚ್ಚಿಕೊಂಡು, ಒಂದಕ್ಕೆ ಜೋರಾಗಿ, ನಾಲ್ಕಕ್ಕೆ ಮೆತ್ತಗೆ ಸ್ಟ್ರಮ್ ಮಾಡಿದೆ. ಆಗ ಓಟ ನಿಂತಿತು.

ಮುಂದಿನ ಗೌರಿ ಹಬ್ಬ ಬಂತು. ಎರಡು ಹಾಡು ಪೂರ್ತಿ ಬಂದವು. ಮೂರನೆಯದರಲ್ಲಿ ಕೊನೆಯ ಚರಣದ ಹೊತ್ತಿಗೆ ತಪ್ಪಿದೆ, ಆದರೆ ನಿಲ್ಲಿಸಲಿಲ್ಲ, ಪಲ್ಲವಿಗೆ ಬಂದು ಸೇರಿಕೊಂಡೆ. ಶ್ರುತಿಪೆಟ್ಟಿಗೆ ಅವತ್ತು ಕಪಾಟಿನಲ್ಲೇ ಇತ್ತು.

ಈಗ ಒಂಬತ್ತು ಹಾಡು ಬರುತ್ತವೆ. ಹೋದ ತಿಂಗಳು ದೊಡ್ಡಮ್ಮ ಫೋನ್ ಮಾಡಿ, "ಐದೂವರೆಗೆ ತಾರ ಷಡ್ಜ ಮುಟ್ಟೋಕೆ ಕಷ್ಟ ಆಗ್ತಿದೆ ಪುಟ್ಟ, ಐದಕ್ಕೆ ಇಳಿಸು" ಅಂದರು. ತಾರ ಷಡ್ಜ ಅಂದರೆ ಮೇಲಿನ ಸ. ಕ್ಯಾಪೊ ತೆಗೆದು ಡ್ರಾಯರ್‌ನಲ್ಲಿ ಇಟ್ಟೆ. ಒಂಬತ್ತೂ ಹಾಡುಗಳನ್ನು ಐದರ ಶ್ರುತಿಯಲ್ಲಿ ಮತ್ತೆ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ, ಭಾನುವಾರಕ್ಕೊಂದು.